ಸೊಂಟವಿಲ್ಲದ ಕಣಜ

ಯಾವ ಹುಳು ಕಂಡರೂ ನಾನು ಮೊದಲು ಅದರ ಸೊಂಟವನ್ನು ನೋಡುತ್ತೇನೆ. ಇದು ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಅಭ್ಯಾಸವಲ್ಲವೆಂದು ಬಲ್ಲೆ. ಮದುವೆಮನೆಯ ಹೂವಿನ ಮಂಟಪದಲ್ಲಿ ಏನೋ ಗುಂಯ್‌ಗುಟ್ಟಿದಾಗ ಉಳಿದವರು ಸೆರಗು ಬೀಸಿ ಹಿಂದೆ ಸರಿದರೆ ನಾನು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗುತ್ತೇನೆ. ಎದೆಯೂ ಹೊಟ್ಟೆಯೂ ಕೂಡುವಲ್ಲಿ ದಾರ ಬಿಗಿದಂತೆ ಸಣ್ಣಗಾಗಿದೆಯೇ, ಅಥವಾ ಮೈ ಒಂದೇ ಸಮನೆ ಉರುಟಾಗಿ ಇಳಿದಿದೆಯೇ ಎಂದು ನೋಡುತ್ತೇನೆ. ಸಣ್ಣಗಾಗಿದ್ದರೆ ಉಳಿದವರಿಗಿಂತ ವೇಗವಾಗಿ ಹಿಂದೆ ಸರಿಯುವವಳೂ ನಾನೇ. ಇದನ್ನು ಕಂಡು ನಗುವವರಿಗೆ ಅಲ್ಲೇ ಕಾರಣ ಹೇಳಲಾಗುವುದಿಲ್ಲ, ಊಟದ ಪಂಕ್ತಿ ಕಾಯುತ್ತಿರುತ್ತದೆ. ನಿಮಗೆ ಬಿಡುವಿದೆಯೆಂದು ಭಾವಿಸಿ ಹೇಳುತ್ತೇನೆ.

ಸೊಂಟ ನೋಡುವ ವಿದ್ಯೆಯನ್ನು ನನಗೆ ಕಲಿಸಿದವರು ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದ ಮಹಾದೇವಮ್ಮ. ಕಲಿಸಬೇಕಾಗಿದ್ದದ್ದು ನಾನು ಓದಿದ ಶಾಲೆ. ಅದು ಪ್ರಯತ್ನಪಟ್ಟಿತ್ತು ಕೂಡ.

ತೊಂಬತ್ತರ ದಶಕದ ಆರಂಭದಲ್ಲಿ ತಳೇಗಾಂವ ದಾಭಾಡೆಯ ಆಚೆ, ಇನ್ನೂ ಕಾರ್ಖಾನೆಗಳು ನುಂಗದಿದ್ದ ಗುಡ್ಡದ ಬುಡದಲ್ಲಿ ಆ ಶಾಲೆಯಿತ್ತು. ಅಲ್ಲಿ ಗಂಟೆ ಬಾರಿಸುತ್ತಿರಲಿಲ್ಲ, ಅಂಕ ಕೊಡುತ್ತಿರಲಿಲ್ಲ, ಕೆಂಪು ಶಾಯಿಯ ಪೆನ್ನನ್ನು ಯಾವ ಶಿಕ್ಷಕರೂ ಇಟ್ಟುಕೊಳ್ಳುತ್ತಿರಲಿಲ್ಲ. ಹುಳುವನ್ನೋ ಹೂವನ್ನೋ ಕಂಡು ‘ಇದರ ಹೆಸರೇನು?’ ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಮೊದಲು ಅದರ ಚಿತ್ರ ಬರೆಯಬೇಕು, ಬರೆದ ಮೇಲೆ ಮತ್ತೊಮ್ಮೆ ನೋಡಬೇಕು, ಹೆಸರು ಎಲ್ಲಕ್ಕೂ ಕೊನೆಗೆ. ಇದನ್ನು ಮನೆಯಲ್ಲಿ ವಿವರಿಸಿದಾಗ ನನ್ನ ತಂದೆ ಬಿದ್ದು ಬಿದ್ದು ನಕ್ಕಿದ್ದರು. ಉಡುಪಿ ಕಡೆಯಿಂದ ಬಂದು ಸ್ವಾರಗೇಟಿನ ಬಳಿ ಸಣ್ಣ ಹೋಟೆಲು ನಡೆಸುತ್ತಿದ್ದವರು ಅವರು. “ಎಂತ ಶಾಲೆ ಮಾರಾಯ್ತಿ ನಿನ್ನದು! ಹೆಸರು ಹೇಳದೆ ಬಡಿಸಿದ್ರೆ ಅಮೃತವನ್ನೂ ಯಾರೂ ತಿನ್ನುದಿಲ್ಲ. ನಮ್ಮಲ್ಲಿ ಹೆಸರು ಮೊದಲು, ಇಡ್ಲಿ ಆಮೇಲೆ” ಎಂದಿದ್ದರು.

ಆ ಶಾಲೆ ಕಲಿಸಿದ ಇನ್ನೊಂದು ಪಾಠವೆಂದರೆ, ಅನ್ಯಾಯ ಕಂಡರೆ ಸುಮ್ಮನಿರಬಾರದು ಎಂಬುದು. ಇದು ನನಗೆ ಒಂದೇ ಏಟಿಗೆ ಹತ್ತಿತು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯ ಹೋಟೆಲಿನ ಮೇಲೆಯೇ ನನ್ನ ಮೊದಲ ದೂರುಪತ್ರವನ್ನು ಬರೆದೆ. ಲೋಟ ತೊಳೆಯುವವರು ದಿನವಿಡೀ ಬಗ್ಗಿಯೇ ಇರಬೇಕು, ಸೋಡಾಪುಡಿಯ ನೀರಿಗೆ ಅವರ ಬೆರಳ ಸಂದಿಗಳು ಕೊಳೆಯುತ್ತಿವೆ, ಇದಕ್ಕೆ ಮಾಲೀಕರೇ ಹೊಣೆ ಎಂದು ಬರೆದು ಗಲ್ಲಾಪೆಟ್ಟಿಗೆಯ ಮುಂದಿನ ಗಾಜಿಗೆ ಅಂಟಿಸಿದೆ. “ಗಾಜಿಗೇ ಅಂಟಿಸುದಾ ಮಗಾ? ಗಿರಾಕಿಗಳು ಇದನ್ನೇ ಇವತ್ತಿನ ಸ್ಪೆಷಲ್ ಅಂತ ಓದ್ತಾರೆ” ಎಂದರು ತಂದೆ. ಆದರೆ ಮರುವಾರ ತೊಳೆಯುವ ಕಲ್ಲು ಸೊಂಟದ ಎತ್ತರಕ್ಕೆ ಏರಿತು, ಬಿಸಿನೀರೂ ಬಂತು. ಪತ್ರ ಬರೆದರೆ ಲೋಕ ಸರಿಹೋಗುತ್ತದೆಂಬ ನನ್ನ ನಂಬಿಕೆಗೆ ಅಡಿಪಾಯ ಬಿದ್ದದ್ದು ಅಂದು. ತಂದೆ ಒಳ್ಳೆಯವರಾದ್ದರಿಂದ ಕಲ್ಲು ಏರಿತೆಂದು ಅರಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಗರಪಟ್ಟಾದ ಆಸುಪಾಸಿನಲ್ಲಿ ಗೋಪುರಗಳಂಥ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದು ಕಟ್ಟಡದ ಹಿಂದೆ, ಕೂಲಿಕಾರರ ತಗಡಿನ ಮನೆಗಳ ಸಾಲಿನಲ್ಲಿ, ನಾನು ಅವರ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಮಕ್ಕಳು ನನ್ನನ್ನು ತಮ್ಮೂರಿನ ಶಾಲೆಯ ವಾಡಿಕೆಯಂತೆ ‘ಅಕ್ಕೋರ’ ಎನ್ನುತ್ತಿದ್ದರು. ನೋಡಿ ನೋಡಿ ದೊಡ್ಡವರೂ ಹಾಗೆಯೇ ಕರೆದರು. ಪಾಠಕ್ಕಿಂತ ಹೆಚ್ಚಾಗಿ ನಾನು ಪತ್ರ ಬರೆಯುತ್ತಿದ್ದೆ. ಹೆಂಗಸರಿಗೆ ಶೌಚಾಲಯವಿರಲಿಲ್ಲ. ಟ್ಯಾಂಕರಿನ ನೀರಿನಲ್ಲಿ ಪಾಚಿ ತೇಲುತ್ತಿತ್ತು. ಗಂಡನ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಅವನ ಜೊತೆ ಅಷ್ಟೇ ಹೊತ್ತು ದುಡಿಯುವ ಹೆಂಡತಿಯ ಹೆಸರು ಅದರಲ್ಲಿರುತ್ತಿರಲಿಲ್ಲ. ಇವು ಅನ್ಯಾಯಗಳಾಗಿದ್ದವು, ಇಂದಿಗೂ ಅನ್ಯಾಯಗಳೇ. ಪ್ರತಿಯೊಂದಕ್ಕೂ ಹೆಸರಿಟ್ಟು, ಕ್ರಮಾಂಕ ಹಾಕಿ, ಗುತ್ತಿಗೆದಾರರಿಗೆ ಕಳಿಸುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ.

ಸಾಲಿನ ಕೊನೆಯದು ಮಹಾದೇವಮ್ಮನ ಮನೆ. ಐವತ್ತರ ಆಜುಬಾಜಿನ ದಪ್ಪ ಮೈಕಟ್ಟಿನ ಹೆಂಗಸು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಮಗ ತಳೇಗಾಂವದ ಕಾರ್ಖಾನೆಯೊಂದರ ಕಟ್ಟಡ ಕೆಲಸಕ್ಕೆ ಹೋಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಸೊಸೆ ನಿಂಗಮ್ಮ ಬಾಣಂತಿ. ಕೂಸಿಗೆ ಆಗ ಹದಿಮೂರು ದಿನ. ಉಳಿದ ಮನೆಗಳಿಗೆ ನಾಲ್ಕೂ ಕಡೆ ತಗಡಾದರೆ ಈ ಮನೆಗೆ ಒಂದು ಗೋಡೆ ಮರದ್ದಾಗಿತ್ತು. ಕಟ್ಟಡಕ್ಕೆ ಬೇಕಾದ ಲಿಫ್ಟಿನ ಯಂತ್ರಗಳು ಪರದೇಶದಿಂದ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬಂದಿದ್ದವು. ಬಿಚ್ಚಿ ಎಸೆದ ಹಲಗೆಗಳನ್ನು ಮಹಾದೇವಮ್ಮ ತಲೆಯ ಮೇಲೆ ಹೊತ್ತು ತಂದು ಸಾಲಾಗಿ ಮೊಳೆ ಹೊಡೆಸಿದ್ದರು. ಮೇ ತಿಂಗಳ ಬಿಸಿಲಿಗೆ ತಗಡಿನ ಗೋಡೆಗಳು ಹೆಂಚಿನಂತೆ ಕಾದಿರುವಾಗ ಅದೊಂದು ಗೋಡೆ ತಣ್ಣಗಿರುತ್ತಿತ್ತು, ಅಂಟಿನಂಥ ತಿಳಿಯಾದ ಪರಿಮಳ ಬೀರುತ್ತಿತ್ತು. ಬಾಣಂತಿಯ ಹೊರಸನ್ನು ಅದಕ್ಕೆ ಒತ್ತಿಯೇ ಹಾಕಿದ್ದರು. “ಸಾಹೇಬರ ಬಂಗ್ಲೆದಾಗೂ ಇಂಥಾ ಗ್ವಾಡಿ ಇಲ್ರಿ ಅಕ್ಕೋರ. ಮೂಸಿ ನೋಡ್ರಿ ಬೇಕಾರ” ಎಂದು ಬಂದವರಿಗೆಲ್ಲ ಮೂಸಲು ಹೇಳುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಆ ಗೋಡೆಯ ಹೊರಗಿಟ್ಟಿದ್ದ ನೀರಿನ ಪೀಪಾಯಿಯ ಸುತ್ತ ಮಕ್ಕಳ ಗದ್ದಲ ಕೇಳಿ ಹೋದೆ. ಪೀಪಾಯಿಯ ಅಂಚಿನಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ ಒಂದು ಜೀವ ಕುಳಿತಿತ್ತು. ಮೈ ಕಪ್ಪು, ಹೊಟ್ಟೆಯ ಮೇಲೆ ಅರಿಸಿನ ಬಳಿದಂಥ ಅಗಲ ಪಟ್ಟೆಗಳು, ಜೇನುಬಣ್ಣದ ಮೀಸೆ, ಹೊಗೆ ಹಿಡಿದ ಗಾಜಿನಂಥ ರೆಕ್ಕೆ. ಇವೆಲ್ಲ ನನಗೆ ಆಮೇಲೆ ಕಂಡವು. ಮೊದಲು ಕಂಡದ್ದು ಅದರ ಹಿಂಬದಿಯಿಂದ ದಬ್ಬಣದಂತೆ ಚಾಚಿದ್ದ ಮುಳ್ಳು ಮಾತ್ರ.

“ಹಿಂದೆ ಸರಿಯಿರಿ! ಕಣಜ! ಯಾರೂ ಮುಟ್ಟಬೇಡಿ!” ಎಂದು ಕೂಗಿದೆ.

ಇಟ್ಟಿಗೆ ಹೊರುವ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡೇ ಮಹಾದೇವಮ್ಮ ಬಂದರು. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದರು.

“ಇದು ಕಣಜ ಅಲ್ಲ ಬಿಡ್ರಿ, ಅಕ್ಕೋರ.”

“ಅಲ್ಲದೆ ಮತ್ತೇನು ಮಹಾದೇವಮ್ಮ? ಪಟ್ಟೆ ನೋಡಿ!”

“ಕಣಜಕ್ಕ ಸೊಂಟ ಇರ್ತದ್ರಿ, ಕೊಡ ಹೊರೂ ಹುಡುಗಿ ಹಂಗ. ಇದಕ ಸೊಂಟ ಎಲ್ಲದ? ನನ್ನಂಗ ಮ್ಯಾಲಿಂದ ಕೆಳತನಕ ಒಂದಾ ಅಳತಿ ಅದ.”

ಮಕ್ಕಳು ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. “ಆ ಮುಳ್ಳು ಕಾಣಿಸುವುದಿಲ್ಲವೇ ನಿಮಗೆ?”

“ಮುಳ್ಳು ಅದ ಖರೆ. ಮುಳ್ಳು ಇದ್ದದ್ದೆಲ್ಲ ಚುಚ್ಚಲಕ್ಕ ಬರ್ತದೇನ್ರಿ? ಬದನಿಕಾಯಿಗೂ ಮುಳ್ಳದಾವ, ದಿನಾ ಉಣ್ಣಂಗಿಲ್ಲೇನು?”

ಅಷ್ಟರಲ್ಲಿ ಅದು ಭಾರವಾಗಿ ಮೊರೆಯುತ್ತ ಹಾರಿಹೋಯಿತು. ಬಂದದ್ದೆಲ್ಲಿಂದ ಎಂದು ಹುಡುಕಿದರೆ ಮರದ ಗೋಡೆಯಲ್ಲಿ ಎರಡು ತೂತುಗಳಿದ್ದವು. ಪೆನ್ಸಿಲು ತೂರಿಸಿದರೆ ಸರಿಯಾಗಿ ಹೋಗುವಷ್ಟು ಗಾತ್ರ. ಬಡಗಿ ಯಂತ್ರದಲ್ಲಿ ಕೊರೆದಷ್ಟು ದುಂಡಗೆ. ಗೋಡೆಯಾಚೆ ಕೂಸು ಅಳುವ ಸದ್ದು ಕೇಳಿಸುತ್ತಿತ್ತು. ನನ್ನ ಮನಸ್ಸಿನಲ್ಲಿ ಪತ್ರ ಆಗಲೇ ಅರ್ಧ ಸಿದ್ಧವಾಗಿತ್ತು.

ಅಂದು ಮಧ್ಯಾಹ್ನವೇ ಗುತ್ತಿಗೆದಾರರಿಗೆ ಬರೆದೆ: ಹಸುಗೂಸು ಮಲಗುವ ಗೋಡೆಯೊಳಗೆ ವಿಷದ ಕಣಜಗಳು ಗೂಡುಕಟ್ಟಿವೆ, ಕೆಲಸಗಾರರಿಗೆ ಮನುಷ್ಯರು ವಾಸಿಸಬಹುದಾದ ಮನೆ ಕೊಡದೆ ಪೆಟ್ಟಿಗೆಯ ಹಲಗೆಗಳಲ್ಲಿ ಬದುಕುವಂತೆ ಮಾಡಿದ ನೀವೇ ಇದಕ್ಕೆ ಜವಾಬ್ದಾರರು, ತಕ್ಷಣ ಕ್ರಮ ಕೈಗೊಳ್ಳಬೇಕು. ‘ವಿಷದ’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದೆ. ಅಷ್ಟು ವರ್ಷಗಳಲ್ಲಿ ನಾನು ಬರೆದ ಪತ್ರಗಳ ಪೈಕಿ ಮರುದಿನವೇ ಕ್ರಮ ಕೈಗೊಂಡದ್ದು ಅದೊಂದರ ಮೇಲೆ ಮಾತ್ರ.

ಶುಕ್ರವಾರ ಬೆಳಿಗ್ಗೆ ಹೋದಾಗ ಮುಕಾದಮ, ಎಂದರೆ ಕೂಲಿಗಳ ಮೇಲ್ವಿಚಾರಕ, ಸಾಳುಂಕೆ ಮಹಾದೇವಮ್ಮನ ಬಾಗಿಲಲ್ಲಿ ನಿಂತಿದ್ದ. ಬೆನ್ನಿಗೆ ಔಷಧದ ಪಂಪು ಕಟ್ಟಿಕೊಂಡ ಒಬ್ಬಾತ ಪಕ್ಕದಲ್ಲಿದ್ದ. ಈ ಗೋಡೆಯನ್ನು ಕಿತ್ತು ಸುಡುವುದು, ಸಾಲಿನ ಎಲ್ಲ ಮನೆಗಳ ಒಳಗೂ ಔಷಧ ಹೊಡೆಯುವುದು, ಗೋಡೆಯಿಲ್ಲದ ಮನೆಯಲ್ಲಿ ಯಾರೂ ಇರಕೂಡದಾದ್ದರಿಂದ ಮಹಾದೇವಮ್ಮ ಮನೆ ಖಾಲಿ ಮಾಡುವುದು. ಇಷ್ಟು ಅವನಿಗೆ ಬಂದ ಆಜ್ಞೆ.

“ಬಾಣಂತಿ ಇದ್ದಾಳೆ, ಹದಿನಾಲ್ಕು ದಿನದ ಕೂಸಿದೆ! ಎಲ್ಲಿಗೆ ಹೋಗಬೇಕು ಅವರು?” ಎಂದೆ ಮರಾಠಿಯಲ್ಲಿ.

“ಊರಿಗೆ ಹೋಗಲಿ. ಎಸ್.ಟಿ. ಬಸ್ ಇದೆಯಲ್ಲ” ಎಂದ. ಆಮೇಲೆ ಕಿಸೆಯಿಂದ ನನ್ನ ಪತ್ರವನ್ನೇ ತೆಗೆದು, ಎರಡು ಗೆರೆಗಳಿದ್ದ ಜಾಗಕ್ಕೆ ಬೆರಳು ಇಟ್ಟು ಕೇಳಿದ: “ಮ್ಯಾಡಮ್, ತುಮ್ಹೀಚ್ ಲಿಹಿಲಂ ನಾ? ನೀವೇ ಬರೆದದ್ದಲ್ಲವೇ? ಬರೆಯದಿದ್ದರೂ ತಪ್ಪು, ಬರೆದಂತೆ ಮಾಡಿದರೂ ತಪ್ಪು!”

ಇಂದಾಪುರ ದಾಟಿ, ಸೊಲ್ಲಾಪುರ ದಾಟಿ, ಮೇ ತಿಂಗಳ ಕೆಂಡದಂಥ ಬಸ್ಸಿನಲ್ಲಿ ಆ ಕೂಸು ಯಾದಗಿರಿ ಮುಟ್ಟುವುದು ನನ್ನ ಕಣ್ಣಿಗೆ ಕಟ್ಟಿತು. ಮುಟ್ಟದೆ ಹೋಗುವುದೂ ಕಟ್ಟಿತು.

ಮಹಾದೇವಮ್ಮ ದನಿಯೆತ್ತಲಿಲ್ಲ. “ನೀವು ಹಾಳಿ ಮ್ಯಾಲ ಬರದ್ರಿ, ನನ್ನ ಗ್ವಾಡಿ ಬಿತ್ತು. ಭಾಳ ಜೋರ ಅದ ನೋಡ್ರಿ ನಿಮ್ಮ ಕೈ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಒಳಗೆ ಹೋಗಿ, ನೆಲದ ಮೇಲೆ ಬೋರಲು ಹಾಕಿದ್ದ ಸ್ಟೀಲಿನ ಲೋಟವೊಂದನ್ನು ತೋರಿಸಿದರು. “ನಸುಕಿನ್ಯಾಗ ಇನ್ನೊಂದು ಬಂದದ. ನಿಂಗಿ ತೋಳ ಮ್ಯಾಲ ಕುಂತಿತ್ತು, ಏನೂ ಮಾಡ್ಲಿಲ್ಲ. ಹೆಸರು ಹೇಳೋ ಮಂದಿ ನಿಮಗ ಗೊತ್ತಿರ್ತಾರಲ್ಲ, ತೋರಿಸ್ಕೊಂಡ ಬರ್ರಿ.”

“ಕಚ್ಚುವ ಹುಳು ಅಲ್ಲ ಅಂತ ದೊಡ್ಡವರ ಕಡೆಯಿಂದ ಬರೆಸಿ ತನ್ನಿ” ಎಂದ ಸಾಳುಂಕೆ. ಅವನಿಗೂ ಬಾಣಂತಿಯನ್ನು ಹೊರಹಾಕುವ ಕೆಲಸ ರುಚಿಸಿರಲಿಲ್ಲ. “ನಾಳೆ ಹತ್ತು ಗಂಟೆಯವರೆಗೆ ಕಾಯುತ್ತೇನೆ.”

ನನಗೆ ಗೊತ್ತಿದ್ದ ಒಬ್ಬರೇ ಒಬ್ಬರೆಂದರೆ ಲೇಲೆ ಸರ್. ಕೃಷಿ ವಿದ್ಯಾಲಯದಲ್ಲಿ ಕೀಟಗಳ ಪಾಠ ಹೇಳಿ ನಿವೃತ್ತರಾದವರು, ನಮ್ಮ ಶಾಲೆಗೆ ವರ್ಷಕ್ಕೊಮ್ಮೆ ಬಂದು ಜೀರುಂಡೆಗಳನ್ನು ತೋರಿಸಿ ಹೋಗುತ್ತಿದ್ದವರು. ಉಪ್ಪಿನಕಾಯಿಯ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ಹುಳುವನ್ನು ಅದಕ್ಕಿಳಿಸಿ, ಬಸ್ಸು ಹತ್ತಿ ನಾನು ಸದಾಶಿವ ಪೇಟೆಯ ಅವರ ಮನೆ ಮುಟ್ಟಿದಾಗ ಎರಡು ಗಂಟೆ. ಬಾಗಿಲ ಮೇಲೆ ಫಲಕವಿತ್ತು: ‘ಒಂದರಿಂದ ನಾಲ್ಕರವರೆಗೆ ಗಂಟೆ ಒತ್ತಬಾರದು. ಒತ್ತಿದರೆ ನಾಲ್ಕರ ನಂತರವೂ ತೆರೆಯಲಾಗುವುದಿಲ್ಲ.’ ಪುಣೆಯಲ್ಲಿ ಹುಟ್ಟಿ ಬೆಳೆದವಳು ನಾನು. ಇಂಥ ಫಲಕಗಳು ಬರೆದದ್ದನ್ನು ಮಾಡಿಯೇ ತೀರುತ್ತವೆಂದು ಬಲ್ಲೆ. ಮೆಟ್ಟಿಲ ಮೇಲೆ ಕುಳಿತೆ.

ಎರಡು ಗಂಟೆ ಹೊತ್ತು, ಕೈಯಲ್ಲಿ ಒಂದು ಬಾಟಲಿ, ಚೀಲದಲ್ಲಿ ಮಕ್ಕಳ ಚಿತ್ರದ ಪುಸ್ತಕ. ಬೇರೇನೂ ಮಾಡಲಾಗದೆ ನಾನು ಪೆನ್ಸಿಲು ತೆಗೆದೆ.

ಬರೆಯಲು ಕುಳಿತಾಗ ನನಗೆ ಮೊದಲು ಅರ್ಥವಾದದ್ದು, ಹಿಂದಿನ ದಿನ ನಾನು ಈ ಹುಳುವನ್ನು ನೋಡಿಯೇ ಇರಲಿಲ್ಲ ಎಂಬುದು. ಅದರ ಆಯುಧವನ್ನು ನೋಡಿದ್ದೆ, ಅಷ್ಟೆ. ಎದೆಯ ಗೆರೆಯನ್ನು ಎಳೆದು ಹೊಟ್ಟೆಗೆ ಬರುವಾಗ ಕೈ ತಾನಾಗಿ ಒಳಕ್ಕೆ ಬಾಗಿತು. ಕಣಜವೆಂದರೆ ಸೊಂಟ ಬರೆಯಬೇಕೆಂದು ಕೈಗೆ ಗೊತ್ತಿತ್ತು. ಆದರೆ ಬಾಟಲಿಯೊಳಗಿನದಕ್ಕೆ ಸೊಂಟವಿರಲಿಲ್ಲ. ಅಳಿಸಿ ಮತ್ತೆ ಎಳೆದೆ. ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಬಾಲಕ್ಕೆ ಒಂದೇ ಗೆರೆ, ನೇಗಿಲ ಸಾಲಿನಂತೆ ನೇರ. ‘ಮ್ಯಾಲಿಂದ ಕೆಳತನಕ ಒಂದಾ ಅಳತಿ’ ಎಂದ ಮಾತು ಆಗ ಕಿವಿಯಲ್ಲಿ ಕೇಳಿತು. ಒಬ್ಬಳೇ ಕುಳಿತಿದ್ದರೂ ಮುಖ ಬಿಸಿಯಾಯಿತು. ಆ ಹೆಂಗಸು ನಿಂತಲ್ಲೇ ಕಂಡದ್ದನ್ನು ನಾನು ಹಾಸ್ಯವೆಂದು ತಳ್ಳಿಹಾಕಿದ್ದೆ. ಅಕ್ಷರ ಬಾರದವರ ನೋಟಕ್ಕೆ ಬೆಲೆ ಕೊಡದಿರುವುದು ಅನ್ಯಾಯವೆಂದು ಎಷ್ಟು ಸಭೆಗಳಲ್ಲಿ ಮಾತಾಡಿದ್ದೆನೋ!

ಆಮೇಲೆ ಹೊತ್ತು ಹೋದದ್ದು ತಿಳಿಯಲಿಲ್ಲ. ಅದು ಮುಂಗಾಲಿನಿಂದ ಮೀಸೆಯನ್ನು ಒಂದೊಂದಾಗಿ ಬಾಗಿಸಿ ಒರೆಸಿಕೊಳ್ಳುತ್ತಿತ್ತು, ತಲೆ ಬಾಚಿಕೊಳ್ಳುವ ಹೆಂಗಸಿನಷ್ಟು ಸಾವಧಾನವಾಗಿ. ಕಣ್ಣಿನ ಹಿಂದೆ ಎರಡು ಹಳದಿ ಬೊಟ್ಟು. ನಾನು ಮುಳ್ಳೆಂದುಕೊಂಡದ್ದರ ಅಡಿಯಲ್ಲಿ ಇನ್ನೂ ತೆಳುವಾದ ಒಂದು ಕಡ್ಡಿ, ಒರೆಯಲ್ಲಿಟ್ಟ ಕತ್ತಿಯಂತೆ, ಮಡಚಿಕೊಂಡಿತ್ತು. ಅದನ್ನು ಅದು ನನ್ನ ಕಡೆ ಒಮ್ಮೆಯೂ ತಿರುಗಿಸಲಿಲ್ಲ. ನಾನು ಆ ದಿನಗಳಲ್ಲಿ ಯಾವುದಕ್ಕೂ ಸುಮ್ಮನೆ ತಲೆಬಾಗುತ್ತಿರಲಿಲ್ಲ. ಅಂದು ಮೆಟ್ಟಿಲ ಮೇಲೆ ತಲೆ ತಾನಾಗಿ ಬಾಗಿತು.

ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಲೇಲೆ ಸರ್ ನನ್ನ ಮುಖಕ್ಕಿಂತ ಮೊದಲು ಬಾಟಲಿಯನ್ನು ನೋಡಿದರು. “ಅರೇ ವಾ! ಕಿತೀ ಸುಂದರ!” ಎಂದು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಿಟಕಿಯ ಬಳಿಗೆ ಹೋದರು. ಹೆಂಡತಿಗೆ ಚಹಾ ಮಾಡಲು ಹೇಳುವುದನ್ನೂ ಮರೆತರು. ಹುಳು ಹೊರಬಂದ ಪೆಟ್ಟಿಗೆಯ ಹಲಗೆಗಳ ವಿಷಯ ಹೇಳಿದೆ. ನಮ್ಮ ಮಾತೆಲ್ಲ ಮರಾಠಿಯಲ್ಲೇ ನಡೆಯಿತು.

“ಕಚ್ಚುತ್ತದೆಯೇ ಸರ್?”

“ಇದಾ? ಇದಕ್ಕೆ ಚುಚ್ಚುವುದೇ ಗೊತ್ತಿಲ್ಲ. ಸೊಂಟ ನೋಡಲಿಲ್ಲವೇ ನೀನು? ಶಾಲೆಯಲ್ಲಿ ಏನು ಕಲಿತೆ?”

ಇದು ಗರಗಸನೊಣಗಳ ಬಳಗ ಎಂದರು. ಕಣಜಗಳಿಗೆ ದೂರದ ಹಿರಿಯಕ್ಕ. ಸೊಂಟ ಮೂಡುವುದಕ್ಕೂ ಮುಂಚಿನ ಕಾಲದ ಮೈಯನ್ನು ಹಾಗೆಯೇ ಉಳಿಸಿಕೊಂಡ ವಂಶ. ಆ ವಂಶದ ಸಣ್ಣವು ಎಲೆಯನ್ನು ಗರಗಸದಂತೆ ಕೊಯ್ದು ಮೊಟ್ಟೆಯಿಡುತ್ತವೆ. ಈ ದೊಡ್ಡದಕ್ಕೆ ಎಲೆ ಸಾಲದು, ಮರವೇ ಬೇಕು. ಬಾಲದ ಅಡಿಯ ಕಡ್ಡಿ ಬೈರಿಗೆ. ಅದನ್ನು ನಿಂತ ಮರಕ್ಕೆ ಊರಿ, ಕೊರೆದು, ಒಳಗೆ ಮೊಟ್ಟೆ ಇಳಿಸುತ್ತದೆ.

“ಮೊಟ್ಟೆ ಮಾತ್ರವಲ್ಲ. ಹೊಟ್ಟೆಯಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಒಂದು ಜಾತಿಯ ಬೂಷ್ಟನ್ನು ಇಟ್ಟುಕೊಂಡಿರುತ್ತದೆ. ಮೊಟ್ಟೆಯ ಜೊತೆ ಅದನ್ನೂ ಬಿಡುತ್ತದೆ. ಬೂಷ್ಟು ಮರವನ್ನು ಮೆತ್ತಗೆ ಮಾಡಬೇಕು, ಮರಿ ಅದನ್ನು ತಿನ್ನಬೇಕು. ತಾಯಿ ಸತ್ತಿರುತ್ತಾಳೆ, ಮಗುವಿಗೆ ಬುತ್ತಿ ಮಾತ್ರ ಕಟ್ಟಿಟ್ಟು ಹೋಗಿರುತ್ತಾಳೆ.”

ಮರಿ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ಮರದ ನಡುವಿನ ಕತ್ತಲಲ್ಲಿ ಕೊರೆಯುತ್ತ ಬೆಳೆಯುತ್ತದೆ. ಈ ಮರಿ ಹುಟ್ಟಿದ್ದು ಯಾವುದೋ ಶೀತದೇಶದ ಪೈನ್ ಕಾಡಿನಲ್ಲಿ. ಆ ಮರವನ್ನು ಕಡಿದರು, ಯಂತ್ರದ ಗರಗಸದಲ್ಲಿ ಸೀಳಿದರು. ಅಲಗು ಇದರ ಪಕ್ಕದಲ್ಲೇ ಹಾದುಹೋಗಿರಬೇಕು. ಪೆಟ್ಟಿಗೆ ಮಾಡಿ, ಯಂತ್ರ ತುಂಬಿ, ಹಡಗಿಗೇರಿಸಿದರು. ಸಮುದ್ರ ದಾಟಿತು, ಮುಂಬಯಿಯಲ್ಲಿಳಿದು ಲಾರಿಯಲ್ಲಿ ಘಾಟಿ ಹತ್ತಿತು, ಮಹಾದೇವಮ್ಮನ ತಲೆಯೇರಿತು, ಗೋಡೆಯಾಗಿ ನಿಂತಿತು. ಇಷ್ಟೆಲ್ಲ ಆಗುವಾಗ ಒಳಗಿನದು ತನ್ನ ಪಾಡಿಗೆ ತಿನ್ನುತ್ತ, ಪೊರೆ ಕಳಚುತ್ತ, ರೆಕ್ಕೆ ಮೂಡಿಸಿಕೊಳ್ಳುತ್ತಿತ್ತು. ಕಾಲ ಕೂಡಿಬಂದಾಗ ಹಲ್ಲಿನಿಂದ ದುಂಡಗೆ ಬಾಗಿಲು ಕೊರೆದು ಹೊರಬಂದಿತು. “ಇದರ ದಾರಿಗೆ ಸೀಸದ ತಗಡು ಅಡ್ಡ ಬಂದರೆ ಅದನ್ನೂ ಕೊರೆದು ಬರುತ್ತದೆ” ಎಂದರು ಸರ್. ನಾನು ಬಾಟಲಿಯನ್ನು ನೋಡುತ್ತ ಕುಳಿತುಬಿಟ್ಟೆ. ಅಷ್ಟು ದೊಡ್ಡ ಪ್ರಯಾಣಕ್ಕೆ ನಾನು ಕೊಟ್ಟ ಸ್ವಾಗತವೆಂದರೆ ಎರಡು ಗೆರೆ ಎಳೆದ ಒಂದು ಸುಳ್ಳು.

“ಕಚ್ಚುವುದಿಲ್ಲವೆಂದು ಬರೆದುಕೊಡಿ ಸರ್” ಎಂದೆ.

ಬರೆಯಲು ಕುಳಿತವರು ತಲೆಯೆತ್ತಿದರು. “ಆ ಹಲಗೆಗಳ ಮೇಲೆ, ಒಳಗಿನ ಹುಳು ಸಾಯುವಂತೆ ಒಲೆಯಲ್ಲಿ ಕಾಯಿಸಿದ ಗುರುತಿನ ಮುದ್ರೆ ಏನಾದರೂ ಇದೆಯೇ?”

“ಇಲ್ಲ, ಬರಿಯ ಮರ.”

ಅವರ ಮುಖ ಬದಲಾಯಿತು. ಹಾಗೆ ಬಂದ ಮರ ಉಳಿಯಕೂಡದು ಎಂದರು. ಪುಣೆಯಲ್ಲಿ ಇದಕ್ಕೆ ಬೇಕಾದ ಕಾಡಿಲ್ಲ, ನಿಜ. ಆದರೆ ಹಲಗೆಗಳು ಕೈಯಿಂದ ಕೈಗೆ ಎಲ್ಲಿಗೋ ಹೋಗುತ್ತವೆ, ಹಿಮಾಲಯದ ಪೈನ್ ಮರಗಳಿಗೆ ಈ ಪರದೇಶಿ ಬೂಷ್ಟು ತಗಲಿದರೆ ಏನಾಗುವುದೆಂದು ಯಾರೂ ಹೇಳಲಾರರು. ಹಲಗೆಗಳನ್ನೆಲ್ಲ ಸುಡಬೇಕು, ಹೊರಬಂದ ಹುಳುಗಳನ್ನು ಹಿಡಿಯಬೇಕು.

ಆಗ ನಾನು ಜೀವನದಲ್ಲಿ ಎಂದೂ ಆಡದ ಮಾತನ್ನು ಆಡಿದೆ. “ಸರ್, ಮೊದಲನೆಯದನ್ನಷ್ಟೇ ಬರೆಯಿರಿ. ಎರಡನೆಯದು ಬೇಡ. ಆ ಗೋಡೆಗೆ ಒತ್ತಿ ಒಂದು ಕೂಸು ಮಲಗುತ್ತದೆ.”

ಲೇಲೆ ಸರ್ ಸಿಟ್ಟಾಗಲಿಲ್ಲ. “ಅರ್ಧ ಹುಳು ಬರೆಯಲು ನನಗೆ ಬರುವುದಿಲ್ಲ ಮಗಳೇ. ಒಂದೇ ಹಾಳೆ, ಎರಡೂ ವಾಕ್ಯ” ಎಂದು ಬರೆದು, ಮಡಚಿ ಕೊಟ್ಟರು. ಹುಳುವನ್ನು ತಮ್ಮಲ್ಲೇ ಇಟ್ಟುಕೊಂಡು ಖಾಲಿ ಬಾಟಲಿಯನ್ನು ಹಿಂದಿರುಗಿಸಿದರು.

ಸಂಜೆ ಹಿಂದಿರುಗಿ ಆ ಹಾಳೆಯನ್ನು ಸಾಳುಂಕೆಗೆ ತೋರಿಸುವ ಮೊದಲು ಮಹಾದೇವಮ್ಮನಿಗೆ ಓದಿ ಹೇಳಿದೆ; ಗೋಡೆ ಅವರದು. ಮೊದಲನೆಯ ವಾಕ್ಯ ಕೇಳಿ “ನಾ ಹೇಳಿದ್ದಿಲ್ಲೇನು?” ಎಂದರು. ಎರಡನೆಯದನ್ನು ಕೇಳಿ ಹಲಗೆಗಳ ಮೇಲೆ ಕೈಯಾಡಿಸಿದರು. ಬೂಷ್ಟು, ಬುತ್ತಿ, ಹಡಗು ಎಲ್ಲವನ್ನೂ ಹೇಳಿದೆ. ಬುತ್ತಿಯ ಮಾತು ಬಂದಾಗ ಒಳಗಿನಿಂದ ನಿಂಗಮ್ಮ “ಇನ್ನೊಮ್ಮಿ ಹೇಳ್ರಿ ಅಕ್ಕೋರ” ಎಂದಳು. ಇನ್ನೊಮ್ಮೆ ಹೇಳಿದೆ.

“ಸುಡಬೇಕಂದ್ರ ಸುಡೂಣು” ಎಂದರು ಮಹಾದೇವಮ್ಮ ಕೊನೆಗೆ. “ಖರ್ಯಾ ಮಾತಿಗಿ ಏನ ಮಾಡ್ಲಕ್ಕಾಗ್ತದ? ಆದ್ರ ಮೊದಲ ಹೊಸ ಗ್ವಾಡಿ, ಆಮ್ಯಾಲ ಬೆಂಕಿ. ನಾಳಿ ಸಾಳುಂಕ್ಯಾನ ಜೋಡಿ ನಾ ಮಾತಾಡ್ತೀನಿ. ನೀವು ಬರೀಬ್ಯಾಡ್ರಿ.”

ಶನಿವಾರ ಹತ್ತಕ್ಕೆ ಅವನು ಬಂದ. ಮೊದಲ ವಾಕ್ಯ ಓದಿ ಪಂಪಿನವನನ್ನು ಕಳಿಸಿಬಿಟ್ಟ. ಎರಡನೆಯದನ್ನು ಎರಡು ಸಲ ಓದಿದ. ಪರದೇಶದ ಮರವನ್ನು ಮುದ್ರೆಯಿಲ್ಲದೆ ಒಳತಂದ ವಿಷಯ ಸರ್ಕಾರಿ ಕಚೇರಿಗೆ ಹೋದರೆ ಪ್ರಶ್ನೆಗಳು ತನ್ನ ಸಾಹೇಬರವರೆಗೂ ಮುಟ್ಟುತ್ತವೆಂದು ಅವನಿಗೆ ನಾನು ಹೇಳಬೇಕಾಗಲಿಲ್ಲ. ನಾನು ಬೇಡವೆಂದು ಅಂಗಲಾಚಿದ ವಾಕ್ಯದ ಬಲವೇ ಹೆಚ್ಚಾಗಿತ್ತು. “ಹೊಸ ತಗಡು ಕೊಡಿಸುತ್ತೇನೆ” ಎಂದ.

“ತಗಡು ಯಾಂವ್ಗ ಬೇಕೋ ಅಣ್ಣಾ?” ಎಂದರು ಮಹಾದೇವಮ್ಮ ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ. “ಕೂಸು ಸುಟ್ಟ ರೊಟ್ಟಿ ಆಗ್ತದ. ಇಟ್ಟಂಗಿ ಕೊಡು.”

“ಇಲ್ಲಿ ಇಟ್ಟಿಗೆ ಗೋಡೆ ಕಟ್ಟುವ ಹಾಗಿಲ್ಲ ಮಾವಶೀ. ಕಾಯಂ ಆಗಿಬಿಡುತ್ತದೆ.”

“ಹನ್ನೆರಡು ಮಾಳಿಗಿ ಇಟ್ಟಂಗಿ ನನ್ನ ತಲಿ ಮ್ಯಾಲಿಂದ ಹೋಗ್ಯಾವ. ತಲಿ ಮುಟ್ಟಿ ನೋಡು, ನಡುವ ತೆಗ್ಗು ಬಿದ್ದದ. ಒಡದದ್ದು ಕೊಡು, ಮಣ್ಣಾಗ ಕಟ್ಟತೀನಿ. ನೀ ಕೆಡವು ಅಂದ ದಿನ ನಾನಾ ಕೆಡವತೀನಿ.”

ಸಾಳುಂಕೆ ತಲೆ ಮುಟ್ಟಿ ನೋಡಲಿಲ್ಲ. ಮಧ್ಯಾಹ್ನ ಒಡಕು ಇಟ್ಟಿಗೆಯ ಒಂದು ಟ್ರಾಲಿ ಬಂದು ಸುರಿಯಿತು.

ಭಾನುವಾರ ಸಾಲಿನ ಹೆಂಗಸರೆಲ್ಲ ಸೇರಿ ಕಟ್ಟಿದರು. ಒಂದೊಂದು ಹಲಗೆ ಕಿತ್ತಂತೆ ಅಲ್ಲಿ ಇಟ್ಟಿಗೆ ಏರಿತು. ನಾನು ಮಣ್ಣು ಕಲೆಸಿದೆ. ನಾನು ಇಟ್ಟ ಮೂರು ಇಟ್ಟಿಗೆಗಳನ್ನು ಮಹಾದೇವಮ್ಮ ಮಾತಾಡದೆ ಕಿತ್ತು ಮತ್ತೆ ಇಟ್ಟರು. ಕಿತ್ತ ಹಲಗೆಗಳನ್ನು ಬಾಣಂತಿಯ ನೀರೊಲೆಯ ಪಕ್ಕಕ್ಕೆ ಒಟ್ಟುತ್ತ ಹೋದೆವು. ಕಡೆಯ ಹಲಗೆಯನ್ನು ಎತ್ತಿದ ಮಹಾದೇವಮ್ಮ ಅದನ್ನು ಕಿವಿಗಿಟ್ಟುಕೊಂಡು ನಿಂತುಬಿಟ್ಟರು. ಆಮೇಲೆ ನನ್ನನ್ನು ಕಣ್ಣಲ್ಲೇ ಕರೆದರು.

ನಾನೂ ಕಿವಿಯಿಟ್ಟೆ. ಮರದೊಳಗೆ, ಬಹಳ ಆಳದಲ್ಲೇನೂ ಅಲ್ಲ, ಯಾರೋ ಬಿಡುವು ಕೊಟ್ಟು ಬಿಡುವು ಕೊಟ್ಟು ಕೊರೆಯುತ್ತಿದ್ದರು. ಕರ್, ಕರ್, ಕರ್. ನಿಲ್ಲುವುದು. ಮತ್ತೆ ಕರ್, ಕರ್.

“ಒಲಿಗಿ ಹಾಕೂಣೇನ್ರಿ?” ಎಂದರು ಪಕ್ಕದ ಮನೆಯವರು.

“ತಡೀರಿ. ಹೊಟ್ಟ್ಯಾಗ ಇದ್ದದ್ದನ್ನ ಸುಡಬಾರದು. ಹೊರಗ ಬರ್ಲಿ” ಎಂದರು ಮಹಾದೇವಮ್ಮ. ಹಲಗೆಯನ್ನು ನೆರಳಲ್ಲಿ ಮಲಗಿಸಿ, ತಾವೂ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತರು. ಮಕ್ಕಳು ಕುಳಿತರು, ಹೆಂಗಸರು ಕುಳಿತರು. ನಿಂಗಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನೆತ್ತಿಕೊಂಡು ಹೊಸ ಗೋಡೆಯ ಕಿಂಡಿಯಲ್ಲಿ ನಿಂತಳು. ವಾರಕ್ಕೊಂದೇ ರಜೆ ಇದ್ದ ಆ ಮಂದಿ ಇಡೀ ಮಧ್ಯಾಹ್ನ ಒಂದು ಹಲಗೆಯನ್ನು ನೋಡುತ್ತ ಕುಳಿತರು.

ಮೂರರ ಸುಮಾರಿಗೆ ಹಲಗೆಯ ಮೇಲೆ ರವೆಯಂಥ ಪುಡಿ ಉಕ್ಕಿತು. ಚುಕ್ಕೆಯಷ್ಟು ಕಪ್ಪು ಕಂಡಿತು, ಕಡಲೆಯಷ್ಟಾಯಿತು. ಎರಡು ಹಲ್ಲುಗಳು ಅಂಚನ್ನು ಕಚ್ಚಿ ತಿರುಗುವುದು ಕಂಡಿತು. ತಲೆ ಬಂತು, ಹಳದಿ ಬೊಟ್ಟುಗಳು ಬಂದವು. ಒಂದು ಕಾಲು ಹೊರಗೆ ಚಾಚಿ, ಬಿಸಿಲನ್ನು ಮುಟ್ಟಿ ನೋಡಿ, ಮತ್ತೆ ಒಳಗೆ ಹೋಯಿತು. ಆಮೇಲೆ ಒಂದೇ ಏಟಿಗೆ ಇಡೀ ಮೈ ಜಾರಿ ಬಂದು ಹಲಗೆಯ ಮೇಲೆ ನಿಂತಿತು. ಸುಕ್ಕಾಗಿದ್ದ ರೆಕ್ಕೆಗಳನ್ನು ಅದು ನಿಧಾನವಾಗಿ ಒಂದರ ಮೇಲೊಂದು ನೇರ ಮಾಡಿಕೊಂಡಿತು.

“ಯವ್ವಾ! ಎಷ್ಟು ದ್ವಡ್ಡಾಕಿ!” ಎಂದಳು ನಿಂಗಮ್ಮ, ತನಗೇ ಎಂಬಂತೆ.

ಅದನ್ನು ಹಾರಗೊಡುವಂತಿರಲಿಲ್ಲ. ಆ ಮಾತನ್ನು ಅಲ್ಲಿದ್ದ ಯಾರೂ ಎತ್ತಲಿಲ್ಲ, ಎಲ್ಲರೂ ಬಲ್ಲವರೇ. ಬಾಟಲಿ ನನ್ನ ಕೈಯಲ್ಲಿತ್ತು. ಕೈ ಮುಂದೆ ಹೋಗಲಿಲ್ಲ. ಅನ್ಯಾಯಗಳ ನನ್ನ ಪಟ್ಟಿಯಲ್ಲಿ ಹೆಸರಿಲ್ಲದ ಮೊದಲ ತಪ್ಪು ಅದು: ಯಾರ ಮೇಲೆ ಬರೆಯಬೇಕೆಂದೇ ತಿಳಿಯದ್ದು, ಮಾಡದೆ ಇರಲೂ ಆಗದ್ದು. ಮಹಾದೇವಮ್ಮ ಕಾದು ನೋಡಿದರು. ಆಮೇಲೆ ಮಣ್ಣು ಮೆತ್ತಿದ ತಮ್ಮ ಬೆರಳನ್ನು ಅದರ ಮುಂದಿಟ್ಟರು. ಅದು ಮೀಸೆಯಿಂದ ತಟ್ಟಿ ನೋಡಿ ಬೆರಳು ಹತ್ತಿತು. ಅವರು ಅದನ್ನು ಒಮ್ಮೆ ಹಣೆಯ ಎತ್ತರಕ್ಕೆ ಎತ್ತಿ ಹಿಡಿದು, ಆಮೇಲೆ ಬಾಟಲಿಯೊಳಕ್ಕೆ ಇಳಿಸಿ, ಮುಚ್ಚಳವನ್ನು ತಾವೇ ತಿರುಗಿಸಿದರು.

“ನಡೀರಿ, ನೀರ ಕಾಸೂಣು” ಎಂದರು ಎದ್ದು. “ಬಾಣಂತಿ ಎರಕೊಳ್ಳೂ ಹೊತ್ತಾಯ್ತು.”

ಪೈನ್ ಮರ ಅಂಟಿರುವ ಮರ, ಬೇಗ ಹತ್ತಿಕೊಂಡಿತು. ಅಂದಿನಿಂದ ಒಂದು ವಾರ ಆ ಒಲೆಯಲ್ಲಿ ಬೇರೆ ಕಟ್ಟಿಗೆ ಉರಿಯಲಿಲ್ಲ. ದಿನವೂ ಸ್ನಾನವಾದ ಮೇಲೆ ಕೆಂಡಗಳನ್ನು ಬಾಣಲೆಯಲ್ಲಿ ತುಂಬಿ ಹೊರಸಿನ ಕೆಳಗೆ ಇಡುತ್ತಿದ್ದರು. ಇನ್ನೂ ಒದ್ದೆಯಾಗಿದ್ದ ಇಟ್ಟಿಗೆಯ ಗೋಡೆಗೆ ಒತ್ತಿ ಕೂಸು ನಿದ್ರಿಸುತ್ತಿತ್ತು. ಅದರ ಬೆನ್ನ ಕೆಳಗೆ ನಾವು ಯಾರೂ ಕಾಣದ ಒಂದು ಕಾಡು ಬೆಚ್ಚಗೆ ಕಾಯುತ್ತಿತ್ತು.